ಸಂಘದ ಸಾಲ ನಿಂತರೆ ಕೂಲಿಯವಳಿಗೆ ಇಪ್ಪತ್ತು ಸಾವಿರ ಕೊಡುವವರು ಯಾರು?

ಕಪಿಲಾ ತೀರ

ನಂಜನಗೂಡು ತಾಲ್ಲೂಕಿನ ಒಂದು ಊರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಅಂಗಡಿಯ ಬಾಕಿ ಪುಸ್ತಕ ತಿರುವಿದರೆ ಊರಿನ ಯಾವ ಮನೆಯಲ್ಲಿ ಎಷ್ಟು ಕಷ್ಟ ಇದೆ ಎಂಬುದು ತಿಳಿಯುತ್ತದೆ.

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಿಂದ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಯನ್ನು ಎಲ್ಲರೂ ಓದಿದ್ದೀರಿ. ಹೆಂಗಸರ ಗುಂಪು ಕಟ್ಟಿಸಿ ಸಣ್ಣ ಸಾಲ ಕೊಡುವ ಮೈಕ್ರೋ ಫೈನಾನ್ಸ್ ಕಂಪನಿಗಳ ವಸೂಲಿಯ ಕಾಟ ಅಷ್ಟಿತ್ತು. ಊರಲ್ಲಿ ಸಂಘದ ಸಾಲ ಎನ್ನುವುದು ಇದನ್ನೇ. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅಂದು ಸ್ವಾಗತಿಸಿದೆ, ಇಂದೂ ಸ್ವಾಗತಿಸುತ್ತೇನೆ. ಬಾಗಿಲಲ್ಲಿ ನಿಂತು ಹೆಂಗಸರ ಮರ್ಯಾದೆ ತೆಗೆಯುವವನಿಗೆ ಜೈಲೇ ಸರಿ.

ಆದರೆ ಆಮೇಲೆ ಏನಾಯಿತು ಎಂಬುದನ್ನು ಯಾರೂ ಕೇಳುತ್ತಿಲ್ಲ. ನಮ್ಮ ಊರಿಗೆ ಬರುತ್ತಿದ್ದ ಕಂಪನಿಯವರು ಹೊಸ ಸಾಲ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು. ಹಳೆಯ ಕಂತು ಮಾತ್ರ ವಸೂಲಿ ಮಾಡುತ್ತಾರೆ. ಹೆಂಗಸರ ಅಗತ್ಯ ನಿಂತಿತೇ? ಮಗುವಿಗೆ ಡೆಂಗಿ ಬಂದರೆ, ಮನೆಯ ಹೆಂಚು ಹಾರಿದರೆ, ಜೂನ್‌ನಲ್ಲಿ ಶಾಲೆ ಶುರುವಾದರೆ ಹಣ ಬೇಕೇ ಬೇಕು. ಈಗ ಅವರು ಹೋಗುತ್ತಿರುವುದು ನೂರಕ್ಕೆ ಹತ್ತು ಬಡ್ಡಿಯವನ ಹತ್ತಿರ. ಇಪ್ಪತ್ತು ಸಾವಿರಕ್ಕೆ ತಿಂಗಳಿಗೆ ಎರಡು ಸಾವಿರ ಬರೀ ಬಡ್ಡಿ. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದ ದಿನವೇ ಅವನ ಕೈಗೆ ಹೋಗುತ್ತದೆ. ಅಸಲು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಪಹಣಿ ಇದ್ದವನಿಗೆ ಸಹಕಾರ ಸಂಘದಲ್ಲಿ ಐದು ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆ ಸಾಲ ಇದೆ. ಸಂಬಳದ ಚೀಟಿ ಇದ್ದವನಿಗೆ ಬ್ಯಾಂಕಿನವರೇ ಫೋನ್ ಮಾಡಿ ಸಾಲ ಬೇಕೇ ಎಂದು ಕೇಳುತ್ತಾರೆ. ಜಮೀನೂ ಇಲ್ಲದ, ಸಂಬಳವೂ ಇಲ್ಲದ ಕೂಲಿ ಹೆಂಗಸಿಗೆ ಮರುದಿನವೇ ಬೇಕಾದ ಇಪ್ಪತ್ತು ಸಾವಿರವನ್ನು ಮರ್ಯಾದೆಯಿಂದ ಕೊಡುವ ಜಾಗ ನಮ್ಮ ರಾಜ್ಯದಲ್ಲಿ ಎಲ್ಲಿದೆ? ವಸೂಲಿಗೆ ಕಾನೂನು ಮಾಡಿದ್ದು ಅರ್ಧ ಕೆಲಸ. ಉಳಿದರ್ಧ ಯಾರ ಜವಾಬ್ದಾರಿ? ನಿಮ್ಮ ನಿಮ್ಮ ಊರಿನಲ್ಲಿ ಹೇಗಿದೆ, ತಿಳಿಸಿ.

ಜಯನಗರ ನಾಲ್ಕನೇ ಬ್ಲಾಕ್

ಸಾಲ ತೆಗೆದುಕೊಂಡವರು ತೀರಿಸಬೇಕು, ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಾನೂ ಮನೆ ಸಾಲ ಕಟ್ಟುತ್ತಿದ್ದೇನೆ. ಕಂತು ತಪ್ಪಿದರೆ ನನ್ನನ್ನು ಬ್ಯಾಂಕ್ ಬಿಡುತ್ತದೆಯೇ? ಐದಾರು ಕಡೆ ಸಾಲ ಎತ್ತಿ ಮದುವೆ, ಮೊಬೈಲ್, ಬೈಕ್ ಎಂದು ಖರ್ಚು ಮಾಡಿ ಆಮೇಲೆ ಸರ್ಕಾರದ ಕಡೆ ಕೈ ಚಾಚುವುದು ಒಂದು ಅಭ್ಯಾಸವಾಗಿಬಿಟ್ಟಿದೆ.

ಮದ್ದೂರು ಹೊಲಿಗೆ

ಸಾರ್, ನಿಮ್ಮ ಮನೆ ಸಾಲಕ್ಕೆ ಬಡ್ಡಿ ಎಷ್ಟು? ಎಂಟೋ ಒಂಬತ್ತೋ ಇರಬಹುದು. ನನ್ನದಕ್ಕೆ ಇಪ್ಪತ್ತನಾಲ್ಕು. ನೀವು ಕಂತು ತಪ್ಪಿಸಿದರೆ ನಿಮ್ಮ ಮೊಬೈಲ್‌ಗೆ ಸಂದೇಶ ಬರುತ್ತದೆ. ನಾನು ತಪ್ಪಿಸಿದರೆ ನನ್ನ ಗುಂಪಿನ ಹೆಂಗಸರನ್ನೆಲ್ಲ ಕರೆತಂದು ನನ್ನ ಮನೆ ಮುಂದೆ ಕೂರಿಸುತ್ತಾರೆ. ನನ್ನ ಕಂತು ಬರುವವರೆಗೆ ಅವರಾರೂ ಎದ್ದು ಹೋಗುವಂತಿಲ್ಲ. ಒಬ್ಬಳ ಮಗು ಅಳುತ್ತಿರುತ್ತದೆ, ಇನ್ನೊಬ್ಬಳಿಗೆ ಕೆಲಸಕ್ಕೆ ಹೊತ್ತಾಗಿರುತ್ತದೆ. ಬೈಯುವವನು ಕಂಪನಿಯವನಲ್ಲ, ನನ್ನ ಪಕ್ಕದ ಮನೆಯವಳೇ ನನ್ನನ್ನು ಬೈಯುವಂತೆ ಮಾಡುತ್ತಾರೆ. ಹತ್ತು ವರ್ಷದ ಸ್ನೇಹ ಒಂದು ಬೆಳಿಗ್ಗೆಯಲ್ಲಿ ಹಾಳಾಗುತ್ತದೆ.

ಮೊದಲ ಸಾಲದಲ್ಲಿ ಹೊಲಿಗೆ ಯಂತ್ರ ತಂದೆ. ಅದರಿಂದ ದುಡಿದೆ, ತಪ್ಪದೆ ತೀರಿಸಿದೆ. ಆ ಸಾಲಕ್ಕೆ ಇಂದೂ ಕೃತಜ್ಞಳು. ಎರಡನೆಯದು ಅಮ್ಮನ ಶಸ್ತ್ರಚಿಕಿತ್ಸೆಗೆ. ಮೂರನೆಯದು ಎರಡನೆಯದರ ಕಂತಿಗೆ. ಇದರಲ್ಲಿ ಮದುವೆ, ಬೈಕ್ ಎಲ್ಲಿದೆ ಹೇಳಿ. ಹಾಸಿಗೆಯೇ ಇಲ್ಲದವರಿಗೆ ಕಾಲಿನ ಅಳತೆ ಹೇಳಬೇಡಿ.

ಹುಬ್ಬಳ್ಳಿ ಸಂತೆ

ಅಕ್ಕಾ, ಒಳ್ಳೆಯ ಉತ್ತರ ಕೊಟ್ಟಿರಿ.

ಲೆಕ್ಕದ ಪುಸ್ತಕ

ಬಡ್ಡಿಯ ಮಾತು ಬಂದದ್ದರಿಂದ ಒಂದು ಲೆಕ್ಕ. ಐವತ್ತು ಸಾವಿರ ಸಾಲ, ಇಪ್ಪತ್ತನಾಲ್ಕು ತಿಂಗಳು, ಉಳಿದ ಅಸಲಿನ ಮೇಲೆ ವರ್ಷಕ್ಕೆ ಶೇ. 24 ಬಡ್ಡಿ ಎಂದರೆ ತಿಂಗಳ ಕಂತು ಸುಮಾರು 2,644 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 63,450. ಸಾಲ ಕೊಡುವಾಗ ಕೆಲವರು ಹೇಳುವುದು ಹೀಗೆ: "ಐವತ್ತು ಸಾವಿರಕ್ಕೆ ಎರಡು ವರ್ಷಕ್ಕೆ ಹದಿಮೂರು ಸಾವಿರ ಚಿಲ್ಲರೆ ಬಡ್ಡಿ, ವರ್ಷಕ್ಕೆ ಶೇ. 13 ಮಾತ್ರ." ಎರಡೂ ಒಂದೇ ಸಾಲ. ಆದರೆ ಮೊದಲ ತಿಂಗಳಿನಿಂದಲೇ ನೀವು ಅಸಲು ತೀರಿಸುತ್ತಾ ಬರುತ್ತೀರಿ, ಐವತ್ತು ಸಾವಿರ ಎರಡು ವರ್ಷ ಪೂರ್ತಿ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ಶೇ. 13 ಎಂಬ ಮಾತು ಅದನ್ನು ಮುಚ್ಚಿಡುತ್ತದೆ.

ಸಾಲ ಕೊಡುವಾಗ ವಿವರಪಟ್ಟಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ, ಅದೂ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ. ಅದರಲ್ಲಿ ವಾರ್ಷಿಕ ಬಡ್ಡಿ, ಸಂಸ್ಕರಣಾ ಶುಲ್ಕ, ವಿಮೆ ಎಲ್ಲವೂ ಇರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳಿ ಪಡೆಯಿರಿ. ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತೆಯೂ ಇಲ್ಲ.

ಹುಬ್ಬಳ್ಳಿ ಸಂತೆ

ಲೆಕ್ಕದ ಅಣ್ಣ, ನಮ್ಮ ತರಕಾರಿ ಮಾರುಕಟ್ಟೆಯ ಲೆಕ್ಕವನ್ನೂ ಹೇಳಿ. ಹತ್ತು ಸಾವಿರ ಸಾಲ ಎಂದು ಬರೆದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಸಂಜೆ ಪುಸ್ತಕ ಹಿಡಿದು ಬಂದು ವಸೂಲಿ ಮಾಡುತ್ತಾರೆ. "ಸಾವಿರ ರೂಪಾಯಿ ತಾನೇ ಬಡ್ಡಿ" ಎಂದು ನಮ್ಮವರು ತೆಗೆದುಕೊಳ್ಳುತ್ತಾರೆ.

ಲೆಕ್ಕದ ಪುಸ್ತಕ

ವರ್ಷದ ಲೆಕ್ಕಕ್ಕೆ ತಂದರೆ ಶೇ. 75ಕ್ಕೂ ಮೇಲೆ. ನೂರಕ್ಕೆ ಹತ್ತು ಬಡ್ಡಿ ಶೇ. 120. ಇವರ ಮುಂದೆ ಶೇ. 24 ಅಗ್ಗವಾಗಿ ಕಾಣುವುದೇ ನಮ್ಮ ದುರಂತ.

ವಕೀಲರ ಕಟ್ಟೆ

ಕಾನೂನಿನ ಬಗ್ಗೆ ಇಲ್ಲಿ ಎರಡು ವಿಷಯ ಬೆರೆತುಹೋಗಿವೆ, ಬಿಡಿಸಿ ಹೇಳುತ್ತೇನೆ.

ರಾಜ್ಯಪಾಲರು ಮೊದಲು ಸುಗ್ರೀವಾಜ್ಞೆಯನ್ನು ವಾಪಸ್ ಕಳುಹಿಸಿದ್ದರು. ಶಿಕ್ಷೆ ಅತಿಯಾಯಿತು ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ಆಮೇಲೆ 2025ರ ಫೆಬ್ರುವರಿ 12ರಂದು ಅಂಕಿತ ಬಿತ್ತು. ಮಾರ್ಚ್‌ನಲ್ಲಿ ವಿಧಾನಮಂಡಲದಲ್ಲಿ ಮಸೂದೆಯಾಗಿ ಒಪ್ಪಿಗೆ ಪಡೆಯಿತು. ಇದರಲ್ಲಿ ಸಾಲ ಪೂರ್ತಿ ತೀರಿದಂತೆ ಎಂದು ಹೇಳಿರುವುದು ಪರವಾನಗಿ, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲಕ್ಕೆ ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯ ಸಾಲ ಮನ್ನಾ ಆಗುವುದಿಲ್ಲ. "ಕಾನೂನು ಬಂತು, ಇನ್ನು ಯಾರಿಗೂ ಕಟ್ಟಬೇಕಿಲ್ಲ" ಎಂದು ಊರೂರಲ್ಲಿ ಹೇಳಿಕೊಂಡು ತಿರುಗುವವರನ್ನು ನಂಬಬೇಡಿ. ಕಟ್ಟದಿದ್ದರೆ ಸಾಲದ ಇತಿಹಾಸ ಕೆಡುತ್ತದೆ, ಮುಂದೆ ಸಹಕಾರಿ ಬ್ಯಾಂಕಿನಲ್ಲೂ ಸಾಲ ಹುಟ್ಟುವುದಿಲ್ಲ.

ಇನ್ನು ಕಪಿಲಾ ತೀರದವರು ಹೇಳಿದ ನೂರಕ್ಕೆ ಹತ್ತರವನು. ಅವನನ್ನು ಹಿಡಿಯಲು ಹೊಸ ಕಾನೂನೇ ಬೇಕಿರಲಿಲ್ಲ. 1961ರ ಲೇವಾದೇವಿ ಕಾಯ್ದೆ ಇದೆ, 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆ ಇದೆ. ದೂರು ಕೊಡುವವರಿಲ್ಲ, ಏಕೆಂದರೆ ಸಾಲ ಕೊಟ್ಟವನು ಅದೇ ಬೀದಿಯವನು, ನಾಳೆ ಮತ್ತೆ ಅವನ ಹತ್ತಿರವೇ ಹೋಗಬೇಕು. ದೊಡ್ಡ ಕಂಪನಿಗಳ ವಿಷಯ ಬೇರೆ. ರಾಜ್ಯದ ಲೇವಾದೇವಿ ಕಾಯ್ದೆಗಳು ರಿಸರ್ವ್ ಬ್ಯಾಂಕ್ ನೋಂದಾಯಿತ ಹಣಕಾಸು ಕಂಪನಿಗಳಿಗೆ ಅನ್ವಯಿಸುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮದ್ದೂರು ಹೊಲಿಗೆ

ಹಾಗಾದರೆ ನೋಂದಣಿ ಇರುವ ಕಂಪನಿಯವನು ರಾತ್ರಿ ಎಂಟಕ್ಕೆ ಮನೆಗೆ ಬಂದರೆ ಕೇಳುವವರಿಲ್ಲವೇ?

ವಕೀಲರ ಕಟ್ಟೆ

ಇದ್ದಾರೆ ತಂಗಿ. ರಿಸರ್ವ್ ಬ್ಯಾಂಕಿನ 2022ರ ಮಾರ್ಚ್ ನಿರ್ದೇಶನ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ಫೋನ್ ಮಾಡುವಂತಿಲ್ಲ. ಬೆದರಿಕೆ, ಬೈಗುಳ, ನೆಂಟರಿಗೆ ಅಥವಾ ಜೊತೆ ಕೆಲಸದವರಿಗೆ ಕಿರುಕುಳ, ಹೆಸರು ಪ್ರಕಟಿಸುವುದು ಎಲ್ಲವೂ ನಿಷಿದ್ಧ. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲ ಅಲ್ಲಿಗೆ ನೀವು ಹೋಗದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಕಂಪನಿಗೆ ಬರಹದಲ್ಲಿ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಗ್ರಾಹಕರ ದೂರು ಕೇಳುವ ಓಂಬುಡ್ಸ್‌ಮನ್) ಬರೆಯಬಹುದು. ಮಾಹಿತಿಗೆ 14448 ಸಂಖ್ಯೆ ಇದೆ. ಬೆದರಿಕೆ ಇದ್ದರೆ ಕಾಯುವುದೇ ಬೇಡ, ನೇರ ಪೊಲೀಸ್ ಠಾಣೆಗೆ ಹೋಗಿ.

ಹಳೆಯ ವಸೂಲಿಗಾರ

ನಾನು ಇಂಥದೇ ಒಂದು ಕಂಪನಿಯಲ್ಲಿ ಕೆಲಸ ಮಾಡಿ ಬಿಟ್ಟವನು. ಹೆಸರು ಬೇಡ. ಎಲ್ಲರೂ ವಸೂಲಿಯವರನ್ನು ರಾಕ್ಷಸರಂತೆ ಬರೆಯುತ್ತಿದ್ದೀರಿ. ನಾವೂ ಅದೇ ಹಳ್ಳಿಗಳ ಹುಡುಗರು. ಪಿಯುಸಿ, ಬಿ.ಎ. ಮುಗಿಸಿ ಬೇರೆ ಕೆಲಸ ಸಿಗದೆ ಬೈಕ್ ಇದೆ ಎಂಬ ಕಾರಣಕ್ಕೆ ಸೇರಿದವರು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ರಾತ್ರಿ ಶಾಖೆಯಲ್ಲಿ ಲೆಕ್ಕ ಹೊಂದಿಸಿ ಮಲಗುವುದು ಹನ್ನೊಂದಕ್ಕೆ. ಒಂದು ಕಂತು ಬಾರದಿದ್ದರೂ ವ್ಯವಸ್ಥಾಪಕರ ಫೋನ್. "ಹಣ ಬರುವವರೆಗೆ ಅಲ್ಲಿಂದ ಏಳಬೇಡ" ಎಂಬುದು ಮೇಲಿನವರ ಮಾತು, ಬೈಗುಳ ತಿನ್ನುವುದು ನಾವು.

ನಿಜವಾದ ತಪ್ಪು ಸಾಲ ಕೊಡುವ ದಿನವೇ ನಡೆಯುತ್ತದೆ. ನಿಯಮದ ಪ್ರಕಾರ ಕುಟುಂಬದ ವಾರ್ಷಿಕ ಆದಾಯ ಮೂರು ಲಕ್ಷದ ಒಳಗೆ ಇರಬೇಕು, ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಆದಾಯ ಎಷ್ಟು ಎಂದು ಬರೆಯುವವರು ಯಾರು? ನಾವೇ. ಕಂತು ಹೊಂದಬೇಕಲ್ಲ, ಅದಕ್ಕೆ ಎರಡು ಲಕ್ಷ ಎಂಬತ್ತು ಸಾವಿರ, ಎರಡು ಲಕ್ಷ ತೊಂಬತ್ತು ಸಾವಿರ ಎಂದು ಬರೆದುಬಿಡುತ್ತಿದ್ದೆವು. ಅದೇ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇರುತ್ತದೆ. ಅದಕ್ಕೆ ಆದಾಯ ಒಂದು ಲಕ್ಷ ಇಪ್ಪತ್ತು ಸಾವಿರದ ಒಳಗಿರಬೇಕು. ಕಾರ್ಡಿನ ಆದಾಯ ನಿಜವಾದರೆ ತಿಂಗಳಿಗೆ ಐದು ಸಾವಿರಕ್ಕಿಂತ ಹೆಚ್ಚು ಕಂತು ಬೀಳಬಾರದು. ನಾವು ಬರೆದ ಆದಾಯದಲ್ಲಿ ಹನ್ನೆರಡು ಸಾವಿರದ ಹತ್ತಿರ ಬರುತ್ತದೆ. ಈ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅಧಿಕಾರಿಯನ್ನು ನಾನು ಕೆಲಸದಲ್ಲಿದ್ದಷ್ಟು ಕಾಲ ಕಾಣಲಿಲ್ಲ.

2022ಕ್ಕೆ ಮುಂಚೆ ಒಬ್ಬರಿಗೆ ಇಂಥ ಎರಡು ಕಂಪನಿಗಳಿಗಿಂತ ಹೆಚ್ಚು ಸಾಲ ಕೊಡುವಂತಿರಲಿಲ್ಲ, ಬಡ್ಡಿಗೂ ಮಿತಿ ಇತ್ತು. ಆ ವರ್ಷ ಎರಡೂ ಹೋದವು. ಎಲ್ಲ ಕಂಪನಿಗಳೂ ಒಂದೇ ಬೀದಿಗೆ ಬಂದವು. ಕೆಟ್ಟುಹೋದ ಮೇಲೆ ಕಂಪನಿಗಳ ಒಕ್ಕೂಟವೇ ಒಬ್ಬರಿಗೆ ಮೂವರಿಗಿಂತ ಹೆಚ್ಚು ಕೊಡಬಾರದು, ಒಟ್ಟು ಎರಡು ಲಕ್ಷ ಮೀರಬಾರದು ಎಂದು ಕಡಿವಾಣ ಹಾಕಿಕೊಂಡಿತು. ಅಷ್ಟರಲ್ಲಿ ನಿಮ್ಮ ಚಾಮರಾಜನಗರದ ಮನೆಗಳಿಗೆ ಬೀಗ ಬಿದ್ದಿತ್ತು.

ಜಯನಗರ ನಾಲ್ಕನೇ ಬ್ಲಾಕ್

ನೀವು ಸುಳ್ಳು ಆದಾಯ ಬರೆದಿರಿ, ಅವರು ಸಹಿ ಹಾಕಿದರು. ಇಬ್ಬರದೂ ತಪ್ಪು ತಾನೇ?

ಹಳೆಯ ವಸೂಲಿಗಾರ

ಸಹಿ ಅಲ್ಲ ಸಾರ್, ಬಯೋಮೆಟ್ರಿಕ್ ಯಂತ್ರದ ಮೇಲೆ ಹೆಬ್ಬೆರಳು. ಪರದೆಯಲ್ಲಿ ಏನಿದೆ ಎಂದು ತೋರಿಸುವಷ್ಟು ಹೊತ್ತು ಯಾರಿಗೂ ಇರುತ್ತಿರಲಿಲ್ಲ.

ಕಪಿಲಾ ತೀರ

ಕಾರ್ಡಿನ ಆದಾಯ, ಅರ್ಜಿಯ ಆದಾಯ ಎರಡನ್ನೂ ಪಕ್ಕದಲ್ಲಿ ಇಡುವ ಮಾತು ನನಗೆ ಬಹಳ ಸರಿ ಕಂಡಿತು. ಸರ್ಕಾರದ ಹತ್ತಿರ ಪಡಿತರ ಚೀಟಿಯ ಮಾಹಿತಿ ಇದೆ. ಹೆಂಗಸರು ಸಾಲ ಕೇಳಿದಾಗ ಅದನ್ನೇ ಆಧಾರವಾಗಿ ಹಿಡಿಯಿರಿ ಎಂದು ನಿಯಮ ಮಾಡಲು ಏನು ಕಷ್ಟ?

ಶಿರಸಿ ಸೋನೆಮಳೆ

ಹಾಗೆ ಮಾಡಿದರೆ ಬಿಪಿಎಲ್‌ನವರಿಗೆ ಸಾಲವೇ ಹುಟ್ಟದು. ನೀವೇ ಕೇಳಿದ ಪ್ರಶ್ನೆಗೆ ನೀವೇ ಕಲ್ಲು ಹಾಕುತ್ತಿದ್ದೀರಿ.

ಕಪಿಲಾ ತೀರ

ಹುಟ್ಟದು ಎಂದಲ್ಲ. ತಿಂಗಳಿಗೆ ಐದು ಸಾವಿರದ ಕಂತಿನಲ್ಲಿ ಇಪ್ಪತ್ತು ಸಾವಿರ ಆರಾಮವಾಗಿ ತೀರುತ್ತದೆ. ಎರಡು ಲಕ್ಷ ಹುಟ್ಟದು, ಅದು ಹುಟ್ಟಬಾರದು.

ಕೋಲಾರದ ಕೆರೆ ಏರಿ

ಇದು ಹೊಸದಲ್ಲ ಎಂದು ನೆನಪಿಸಬೇಕು. 2009ರಲ್ಲಿ ನಮ್ಮ ಕೋಲಾರ, ಶಿಡ್ಲಘಟ್ಟ, ರಾಮನಗರಗಳಲ್ಲಿ ಇದೇ ಆಗಿತ್ತು. ರೇಷ್ಮೆ ಕೆಲಸದ ಹೆಂಗಸರು ಹಲವು ಕಡೆ ಸಾಲ ಎತ್ತಿದ್ದರು, ರೇಷ್ಮೆ ಬೆಲೆ ಬಿತ್ತು, ಕೊನೆಗೆ ಸಮುದಾಯದ ಹಿರಿಯರೇ ಕಂತು ಕಟ್ಟಬೇಡಿ ಎಂದು ಹೇಳಿಬಿಟ್ಟರು. ಆಗ ಎಲ್ಲರಿಗೂ ಸಂತೋಷ. ಆಮೇಲೆ ಅನೇಕ ವರ್ಷ ಆ ಬೀದಿಗಳಿಗೆ ಯಾರೂ ಸಾಲ ಕೊಡಲು ಬರಲಿಲ್ಲ. ನಮ್ಮ ಚಿಕ್ಕಮ್ಮ ಗೂಡಿನಿಂದ ನೂಲು ತೆಗೆಯುವ ಒಂದು ಸಣ್ಣ ರೀಲಿಂಗ್ ಘಟಕ ನಡೆಸುತ್ತಿದ್ದರು, ಗೂಡು ಕೊಳ್ಳಲು ದುಡ್ಡಿಲ್ಲದೆ ಅದನ್ನು ಮುಚ್ಚಿ ಬೇರೆಯವರ ಘಟಕಕ್ಕೆ ಕೂಲಿಗೆ ಹೋದರು. ಮರುವರ್ಷ ಅಕ್ಟೋಬರ್‌ನಲ್ಲಿ ಆಂಧ್ರದವರು ಸುಗ್ರೀವಾಜ್ಞೆ ತಂದರು, ಅಲ್ಲೂ ಅದೇ ಕಥೆ. ಹಾಗಾಗಿ ಕಪಿಲಾ ತೀರದವರ ಪ್ರಶ್ನೆ ಸರಿಯಾಗಿದೆ. ಪ್ರತಿ ಸಲ ಗಲಾಟೆ ಆದಾಗ ಕಾನೂನು ಬರುತ್ತದೆ, ಬದಲಿ ವ್ಯವಸ್ಥೆ ಬರುವುದಿಲ್ಲ.

ಗದಗ ಬಯಲು

ಬದಲಿ ವ್ಯವಸ್ಥೆ ನಮ್ಮಲ್ಲೇ ಹುಟ್ಟಿದ್ದು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು, ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಬೇಕು ಎಂದೇ. ನೂರ ಇಪ್ಪತ್ತು ವರ್ಷದ ಮೇಲೂ ಕೂಲಿಯವರು ಅದೇ ಸಾಹುಕಾರನ ಮನೆಗೆ ಹೋಗುತ್ತಿದ್ದಾರೆ ಎಂದರೆ ಸಹಕಾರ ಸಂಘಗಳು ಯಾರ ಕೈಯಲ್ಲಿವೆ ನೋಡಿ. ನಮ್ಮ ಊರಿನ ಸಂಘದಲ್ಲಿ ಭೂಮಿ ಇಲ್ಲದವರಿಗೆ ಸದಸ್ಯತ್ವ ಕೊಡಲು ಸತಾಯಿಸುತ್ತಾರೆ. ಸದಸ್ಯರು ಹೆಚ್ಚಿದರೆ ಚುನಾವಣೆ ಲೆಕ್ಕ ತಪ್ಪುತ್ತದೆ.

ಉಡುಪಿಯಿಂದ ಮಸ್ಕತ್‌ಗೆ

ಗದಗದವರು ಇತಿಹಾಸ ಎತ್ತಿದ ಮೇಲೆ ನಮ್ಮ ಕರಾವಳಿಯದೂ ಬರಲಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟ್ ಮನೆಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ನನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದರು, ಪಿಗ್ಮಿಯಲ್ಲಿ ಕೂಡಿಟ್ಟು ಅದರ ಮೇಲೆಯೇ ಸಾಲ ಪಡೆದು ಮಗಳ ಮದುವೆ ಮಾಡಿದರು. ಬ್ಯಾಂಕಿನವನು ಅವರನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದ. ಆ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ ವಿಲೀನವಾಯಿತು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು, ವಿಜಯಾ ಬ್ಯಾಂಕ್ ಅದಕ್ಕೂ ಹಿಂದಿನ ವರ್ಷವೇ ಬರೋಡಾಕ್ಕೆ. ಈಗ ನಮ್ಮೂರ ಶಾಖೆಗೆ ಹೋದರೆ ಕೌಂಟರಿನಲ್ಲಿ ಕನ್ನಡವೂ ಇಲ್ಲ, ತುಳುವೂ ಇಲ್ಲ. ಅಮ್ಮ ಹಣ ತೆಗೆಯುವ ಚೀಟಿ ತುಂಬಲು ಯಾರಾದರೂ ಸಿಗುತ್ತಾರೆಯೇ ಎಂದು ಬಾಗಿಲಲ್ಲಿ ಕಾಯುತ್ತಾರೆ. ಕೂಲಿ ಹೆಂಗಸು ಬ್ಯಾಂಕಿಗೆ ಹೋಗಲು ಹೆದರುವುದು ಸುಮ್ಮನೆ ಅಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಈ ಮಾತು ಒಪ್ಪಿದೆ. ಬೆಂಗಳೂರಿನಲ್ಲೂ ಅದೇ ಪಾಡು. ಭಾಷೆ ಬಾರದ ಸಿಬ್ಬಂದಿಯನ್ನು ಹಳ್ಳಿಯ ಶಾಖೆಗೆ ಹಾಕುವುದು ಅನ್ಯಾಯ.

ಬಾಗಲಕೋಟೆ ಬಿಸಿಲು

ಭಾಷೆಯ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಹಣದ ಮಾತು ನಡೆಯಲಿ. ಸರ್ಕಾರ ಗ್ಯಾರಂಟಿಗೆ ಸುರಿಯುವ ಹಣವನ್ನು ಇಂಥ ಸಾಲಕ್ಕೆ ಹಾಕಿದ್ದರೆ ಆಗುತ್ತಿರಲಿಲ್ಲವೇ? ತಿಂಗಳಿಗೆ ಎರಡು ಸಾವಿರ ಪುಕ್ಕಟೆ ಕೊಟ್ಟು ಜನರನ್ನು ಹಾಳು ಮಾಡಿದರು.

ಮದ್ದೂರು ಹೊಲಿಗೆ

ಹಾಳಾದವರು ಯಾರು ಅಣ್ಣ? 2023ರ ಜೂನ್‌ನಿಂದ ಬಸ್ ಪುಕ್ಕಟೆಯಾದ ಮೇಲೆ ನಾನು ಊರಿನ ಹೊಲಿಗೆ ಬಿಟ್ಟು ಮಂಡ್ಯದ ಗಾರ್ಮೆಂಟ್ಸ್‌ಗೆ ಹೋಗಲು ಆಯಿತು. ಮೊದಲು ಸಂಬಳದಲ್ಲಿ ಬಸ್ಸಿಗೇ ಎಷ್ಟೋ ಹೋಗುತ್ತಿತ್ತು. ಗೃಹಲಕ್ಷ್ಮಿ ಹಣ ತಿಂಗಳು ತಿಂಗಳು ಸರಿಯಾಗಿ ಬಂದರೆ ಅರ್ಧ ಕಂತು ಅದರಲ್ಲೇ ಹೋಗುತ್ತದೆ. ತೊಂದರೆ ಆಗುವುದು ಎರಡು ಮೂರು ತಿಂಗಳು ತಡವಾಗಿ ಬಂದಾಗ. ಕಂತಿನ ದಿನ ತಡ ಆಗುವುದಿಲ್ಲವಲ್ಲ.

ಬಾಗಲಕೋಟೆ ಬಿಸಿಲು

ನಿಮ್ಮ ಮನೆಗೆ ಅನುಕೂಲವಾಗಿದೆ, ಸಂತೋಷ. ಆದರೆ ರಸ್ತೆಗೆ, ಏತ ನೀರಾವರಿಗೆ ಹಣವಿಲ್ಲ ಎನ್ನುತ್ತಾರೆ. ಕೃಷ್ಣೆ ಇಲ್ಲೇ ಹರಿದರೂ ನಮ್ಮ ಹೊಲಕ್ಕೆ ನೀರಿಲ್ಲ. ನೀರು ಬಂದರೆ ಸಾಲವೇ ಬೇಡ.

ಕಪಿಲಾ ತೀರ

ಗ್ಯಾರಂಟಿ ಬೇಕೇ ಬೇಡವೇ ಎಂಬುದು ಇಲ್ಲಿ ತೀರುವ ಜಗಳವಲ್ಲ. ಬಿಸಿಲು ಅಣ್ಣ, ನೀರು ಬಂದರೆ ನಿಮ್ಮ ಸಾಲ ಹೋಗಬಹುದು, ಭೂಮಿ ಇಲ್ಲದವಳ ಸಾಲ ಹೋಗುವುದಿಲ್ಲ. ದಯವಿಟ್ಟು ಆಕೆಯ ಬಗ್ಗೆ ಮಾತನಾಡೋಣ.

ತುಮಕೂರು ಮೇಷ್ಟ್ರು

ಸಾಲ ಯಾಕೆ ಬೇಕಾಗುತ್ತದೆ ಎಂಬುದನ್ನೂ ನೋಡಿ. ಮೇ ಕೊನೆಯಲ್ಲಿ ನಮ್ಮ ಹೋಬಳಿಯಲ್ಲಿ ತೆಗೆಯುವ ಸಾಲದ ದೊಡ್ಡ ಪಾಲು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ಶುಲ್ಕಕ್ಕೆ. ಮೊದಲು ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಕಾಲು ಭಾಗ ಸೀಟು ಇತ್ತು. ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರವಿದ್ದರೆ ಆ ಸೀಟು ಇಲ್ಲ ಎಂದು ನಮ್ಮ ರಾಜ್ಯ 2019ರ ಹೊತ್ತಿಗೆ ನಿಯಮ ಬದಲಿಸಿತು. ಸರ್ಕಾರಿ ಶಾಲೆ ಉಳಿಯಲಿ ಎಂಬ ಉದ್ದೇಶ ಒಳ್ಳೆಯದೇ, ನಾನೂ ಸರ್ಕಾರಿ ಶಾಲೆಯ ಶಿಕ್ಷಕ. ಆದರೆ ಎರಡು ಕೊಠಡಿಗೆ ಒಬ್ಬ ಶಿಕ್ಷಕನನ್ನು ಕೊಟ್ಟರೆ ತಾಯಂದಿರು ಹೇಗೆ ನಂಬುತ್ತಾರೆ? ಸಾಲ ಮಾಡಿ ಖಾಸಗಿಗೆ ಸೇರಿಸುತ್ತಾರೆ. ಎರಡನೇ ವರ್ಷ ಶುಲ್ಕ ಕಟ್ಟಲಾಗದೆ ಮಗು ಮತ್ತೆ ನಮ್ಮಲ್ಲಿಗೇ ಬರುತ್ತದೆ, ಸಾಲ ಮಾತ್ರ ಉಳಿಯುತ್ತದೆ. ವರ್ಗಾವಣೆ ಪತ್ರ ಕೊಡಲು ಹಳೆಯ ಶಾಲೆ ಬಾಕಿ ಶುಲ್ಕ ಕೇಳುತ್ತದೆ, ಅದಕ್ಕೆ ಇನ್ನೊಂದು ಕೈಸಾಲ.

ಶಿರಸಿ ಸೋನೆಮಳೆ

ಆಸ್ಪತ್ರೆಯನ್ನೂ ಸೇರಿಸಿ ಮೇಷ್ಟ್ರೇ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ ಎನ್ನುತ್ತಾರೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಬೇಕು. ಹೊರರೋಗಿಯ ಪರೀಕ್ಷೆ, ಸ್ಕ್ಯಾನಿಂಗ್, ತಿಂಗಳ ಮಾತ್ರೆ ಇದರಲ್ಲಿ ಬರುವುದಿಲ್ಲ. ನಮ್ಮ ಘಟ್ಟದ ಮೇಲಿನಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಬರುವ ಗಾಡಿ ಬಾಡಿಗೆಗೇ ಸಾಲ ಮಾಡಿದವರಿದ್ದಾರೆ.

ಸ್ತ್ರೀಶಕ್ತಿ ಅಕ್ಕ

ಇಷ್ಟು ಹೊತ್ತು ಓದಿದೆ. ನೀವು ಕೇಳುತ್ತಿರುವ ಜಾಗ ಈಗಾಗಲೇ ಇದೆ, ಅದನ್ನು ಯಾರೂ ಹೇಳಲಿಲ್ಲ ಎಂದು ಬೇಸರವಾಯಿತು. ಉಳಿತಾಯ ಮಾಡಿ ಸಾಲ ಕೊಡುವ ಸ್ವಸಹಾಯ ಗುಂಪು ಕರ್ನಾಟಕದ ಮಣ್ಣಿನಲ್ಲಿ ಬೆಳೆದದ್ದು. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಈ ಗುಂಪುಗಳನ್ನು ಕಟ್ಟಿತು, ಅದನ್ನು ನೋಡಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ 1992ರಲ್ಲಿ ಐನೂರು ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. 2000ದಲ್ಲಿ ಇಂಥ ಗುಂಪುಗಳಿಗೆ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು, ಈಗ ಸಂಜೀವಿನಿ ಯೋಜನೆ ಇದೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಗುಂಪು. ವಾರಕ್ಕೆ ಸಭೆ, ವಾರಕ್ಕೆ ಉಳಿತಾಯ, ಒಳಗಿನ ಸಾಲ, ಸಮಯಕ್ಕೆ ಮರುಪಾವತಿ, ಪುಸ್ತಕ ಬರೆಯುವುದು. ಪಂಚಸೂತ್ರ ಎನ್ನುತ್ತೇವೆ. ಇದನ್ನು ಸರಿಯಾಗಿ ನಡೆಸಿದ ಗುಂಪಿಗೆ ಬ್ಯಾಂಕ್ ಅಡಮಾನವಿಲ್ಲದೆ ಸಾಲ ಕೊಡುತ್ತದೆ, ಮೂರು ಲಕ್ಷದವರೆಗೆ ಶೇ. 7 ಬಡ್ಡಿ. ಪಂಚಾಯಿತಿ ಮಟ್ಟದಲ್ಲಿ ಗುಂಪುಗಳೆಲ್ಲ ಸೇರಿದ ಒಕ್ಕೂಟದಿಂದ ಸಮುದಾಯ ಬಂಡವಾಳ ನಿಧಿಯೂ ಬರುತ್ತದೆ. ನಮ್ಮಲ್ಲಿ ಯಾರಿಗಾದರೂ ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಮೂವರು ಸಹಿ ಹಾಕಿ ಪೆಟ್ಟಿಗೆಯಿಂದ ಕೊಡುತ್ತೇವೆ, ಸಭೆಯಲ್ಲಿ ಆಮೇಲೆ ಬರೆಯುತ್ತೇವೆ. ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ, ಆ ಬಡ್ಡಿಯೂ ನಮ್ಮ ಗುಂಪಿನದೇ ಆಸ್ತಿ.

ಮದ್ದೂರು ಹೊಲಿಗೆ

ಅಕ್ಕಾ, ನಾನೂ ಸ್ತ್ರೀಶಕ್ತಿಯಲ್ಲಿದ್ದೆ. ಪುಸ್ತಕ ಬರೆಯುತ್ತಿದ್ದವಳು ಮದುವೆಯಾಗಿ ಹೋದ ಮೇಲೆ ಗುಂಪು ಸತ್ತಿತು. ಬ್ಯಾಂಕ್ ಸಾಲಕ್ಕೆ ಅಲೆದು ಅಲೆದು ಸಾಕಾಯಿತು. ಇವತ್ತು ವ್ಯವಸ್ಥಾಪಕರಿಲ್ಲ, ನಾಳೆ ಆಧಾರ್ ಸರಿಯಿಲ್ಲ, ನಾಡಿದ್ದು ಹಳೆಯ ಸದಸ್ಯೆಯೊಬ್ಬಳ ಬಾಕಿ ಇದೆ. ಕಂಪನಿಯ ಹುಡುಗ ಮನೆಗೇ ಬಂದು ನಾಲ್ಕು ದಿನದಲ್ಲಿ ಹಣ ಹಾಕಿದ. ನಾವು ದಡ್ಡರಾಗಿ ಶೇ. 7 ಬಿಟ್ಟು ಶೇ. 24ಕ್ಕೆ ಹೋದದ್ದಲ್ಲ.

ಸ್ತ್ರೀಶಕ್ತಿ ಅಕ್ಕ

ನಿಜ ತಂಗಿ, ಅಲೆದಾಟ ನಮಗೂ ಆಗಿದೆ. ಆದರೆ ಅದಕ್ಕೆ ಉತ್ತರ ಬ್ಯಾಂಕಿನವರನ್ನು ಕೆಲಸ ಮಾಡುವಂತೆ ಮಾಡುವುದು. ನಮ್ಮ ಒಕ್ಕೂಟದಿಂದ ಇಪ್ಪತ್ತು ಮೂವತ್ತು ಹೆಂಗಸರು ಒಟ್ಟಿಗೆ ಹೋಗಿ ಶಾಖೆಯಲ್ಲಿ ಕೂತ ಮೇಲೆ ಅರ್ಜಿ ಅಲುಗಾಡಿತು.

ಕಪಿಲಾ ತೀರ

ಅಕ್ಕಾ, ನಿಮ್ಮ ಗುಂಪಿಗೆ ಕೈ ಮುಗಿಯುತ್ತೇನೆ. ಆದರೂ ಒಂದು ಮಾತು. ಗಟ್ಟಿ ಗುಂಪು ಕಟ್ಟಲು ವರ್ಷಗಳು ಬೇಕು. ವಾರಕ್ಕೆ ಐವತ್ತು ರೂಪಾಯಿ ಉಳಿಸಲಾಗದವಳನ್ನು ಗುಂಪಿಗೇ ಸೇರಿಸಿಕೊಳ್ಳುವುದಿಲ್ಲ, ಕೊಡಗಿಗೆ ಕಾಫಿ ಕೆಲಸಕ್ಕೆ ಹೋಗುವವಳನ್ನು ಸಭೆಗೆ ಬರಲಿಲ್ಲ ಎಂದು ತೆಗೆಯುತ್ತಾರೆ. ಹೆಚ್ಚು ಅಗತ್ಯ ಇರುವವಳೇ ಹೊರಗೆ ಉಳಿಯುತ್ತಾಳೆ. ಆಕೆಗಾಗಿ ಪ್ರತಿ ಒಕ್ಕೂಟದಲ್ಲೂ ತುರ್ತು ನಿಧಿ ಇರಲಿ, ಸದಸ್ಯತ್ವ ಕೇಳದೆ ಇಪ್ಪತ್ತು ಸಾವಿರದವರೆಗೆ ಕೊಡಲಿ, ಸರ್ಕಾರ ಅದಕ್ಕೆ ಹೊಣೆ ನಿಲ್ಲಲಿ ಎಂಬುದು ನನ್ನ ಬೇಡಿಕೆ.

ಸ್ತ್ರೀಶಕ್ತಿ ಅಕ್ಕ

ಸದಸ್ಯತ್ವ ಇಲ್ಲದೆ ಕೊಟ್ಟರೆ ನಿಧಿ ಒಂದೇ ವರ್ಷದಲ್ಲಿ ಖಾಲಿ. ಸರ್ಕಾರದ ಹಣ ಎಂದರೆ ಯಾರೂ ಹಿಂದಿರುಗಿಸುವುದಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸಕ್ಕೆ ವಲಸೆ ಹೋಗುವವರಿಗೆ ಸಭೆಯ ನಿಯಮ ಸಡಿಲಿಸಿ ಎಂದರೆ ಒಪ್ಪುತ್ತೇನೆ.

ಹುಬ್ಬಳ್ಳಿ ಸಂತೆ

ಅಕ್ಕಾ, ಸರ್ಕಾರ ಹೊಣೆ ನಿಂತ ಸಾಲ ನಡೆಯುತ್ತದೆ. ಕೊರೊನಾ ಕಾಲದಲ್ಲಿ, 2020ರಲ್ಲಿ, ಪಿಎಂ ಸ್ವನಿಧಿ ಬಂತು. ಬೀದಿ ವ್ಯಾಪಾರಿಗಳಿಗೆ ಅಡಮಾನವಿಲ್ಲದೆ ಮೊದಲು ಹತ್ತು ಸಾವಿರ, ತೀರಿಸಿದರೆ ಇಪ್ಪತ್ತು, ಆಮೇಲೆ ಐವತ್ತು. ಸರಿಯಾಗಿ ಕಟ್ಟಿದವರಿಗೆ ಶೇ. 7 ಬಡ್ಡಿ ಸಹಾಯಧನ. 2025ರಲ್ಲಿ ಮೊದಲ ಕಂತನ್ನು ಹದಿನೈದು ಸಾವಿರಕ್ಕೆ, ಎರಡನೆಯದನ್ನು ಇಪ್ಪತ್ತೈದಕ್ಕೆ ಏರಿಸಿದರು. ನಮ್ಮ ಮಾರುಕಟ್ಟೆಯಲ್ಲಿ ಇದರಿಂದ ಸಂಜೆ ವಸೂಲಿಯ ಪುಸ್ತಕದವನನ್ನು ಬಿಟ್ಟವರಿದ್ದಾರೆ. ಪಾಲಿಕೆಯ ಗುರುತಿನ ಚೀಟಿ ಬೇಕು, ಅದಕ್ಕೆ ಓಡಾಡಬೇಕು, ಅಷ್ಟೇ. ಇದು ಪಟ್ಟಣದ ಗಾಡಿಯವರಿಗೆ ಮಾಡಿದ ಯೋಜನೆ. ಹಳ್ಳಿಯ ಕೂಲಿಯವಳಿಗೂ ಇಂಥದೇ ಒಂದು ಇದ್ದರೆ ಕಪಿಲಾ ಅಣ್ಣನ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಅವಳ ಹತ್ತಿರ ಇದೆಯಲ್ಲ, ಅದನ್ನೇ ಗುರುತು ಎಂದು ಹಿಡಿಯಲಿ.

ಕಪಿಲಾ ತೀರ

ಜಾಬ್ ಕಾರ್ಡ್ ಆಧಾರದ ಸಾಲ! ನಮ್ಮ ಪಂಚಾಯಿತಿ ಸದಸ್ಯರ ಮುಂದೆ ಇದನ್ನೇ ಇಡುತ್ತೇನೆ.

ಲೆಕ್ಕದ ಪುಸ್ತಕ

ಕೂಲಿ ಸಕಾಲಕ್ಕೆ ಬಂದರೆ ಮಾತ್ರ ಇದು ನಡೆಯುತ್ತದೆ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆಗಿನ ನೂರು ದಿನ ಪೂರ್ತಿ ಸಿಕ್ಕಿದ್ದರೆ 37,000. ನೂರು ದಿನ ಸಿಗುವುದೇ ಅಪರೂಪವಾಗಿತ್ತು. ಇಪ್ಪತ್ತು ಸಾವಿರ ಸಾಲಕ್ಕೆ ಅದೊಂದನ್ನೇ ಆಧಾರ ಮಾಡಿದರೆ ಮತ್ತೆ ಕಂತು ತಪ್ಪುತ್ತದೆ.

ಹಾಸನದ ಸೊಸೆ

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಅತ್ತೆ ಸಂಘದ ಸಾಲ ತೆಗೆದಿದ್ದರು. ಕಳೆದ ತಿಂಗಳು ತೀರಿಕೊಂಡರು. ಕಂಪನಿಯವರು ಉಳಿದ ಕಂತನ್ನು ನನ್ನ ಗಂಡ ಕಟ್ಟಬೇಕು ಎನ್ನುತ್ತಿದ್ದಾರೆ. ಮಾವ ಇಲ್ಲ. ಕಟ್ಟಬೇಕೇ?

ಹಳೆಯ ವಸೂಲಿಗಾರ

ಕಟ್ಟುವ ಮುಂಚೆ ಸಾಲದ ಪುಸ್ತಕ ನೋಡಿ. ಸಾಲ ಕೊಡುವಾಗಲೇ ವಿಮೆಯ ಹಣ ಮುರಿದುಕೊಂಡಿರುವುದೇ ಹೆಚ್ಚು. ಸಾಮಾನ್ಯವಾಗಿ ಸಾಲಗಾರರು, ಅರ್ಜಿಯಲ್ಲಿ ಜೊತೆಗೆ ಸಹಿ ಮಾಡಿದವರು, ಇಬ್ಬರಲ್ಲಿ ಯಾರು ತೀರಿಕೊಂಡರೂ ಉಳಿದ ಸಾಲ ವಿಮೆಯಿಂದ ತೀರುತ್ತದೆ. ಇದನ್ನು ಮನೆಯವರಿಗೆ ಹೇಳದೆ ಕಂತು ವಸೂಲಿ ಮಾಡುವವರೂ ಇದ್ದಾರೆ. ನಿಮ್ಮ ಯಜಮಾನರು ಜೊತೆ ಸಾಲಗಾರರಾಗಿ ಸಹಿ ಹಾಕಿದ್ದಾರೆಯೇ ಎಂಬುದನ್ನೂ ನೋಡಿ.

ವಕೀಲರ ಕಟ್ಟೆ

ಅವರ ಸಹಿ ಇಲ್ಲದಿದ್ದರೆ ತಮ್ಮ ಸ್ವಂತ ದುಡಿಮೆಯಿಂದ ಕಟ್ಟುವ ಹೊಣೆ ಅವರಿಗಿಲ್ಲ. ಅತ್ತೆಯವರು ಬಿಟ್ಟುಹೋದ ಆಸ್ತಿ ನಿಮಗೆ ಬಂದಿದ್ದರೆ ಅದರ ಮಟ್ಟಿಗೆ ಮಾತ್ರ ಕೇಳಬಹುದು. ವಿಮೆ ಇತ್ಯರ್ಥವಾಗುವವರೆಗೆ ಯಾವ ಹೊಸ ಕಾಗದಕ್ಕೂ ಹೆಬ್ಬೆಟ್ಟು, ಸಹಿ ಹಾಕಬೇಡಿ. "ಸಾಲ ನಿಮ್ಮ ಹೆಸರಿಗೆ ಬದಲಿಸುತ್ತೇವೆ" ಎಂದರೆ ಒಪ್ಪಬೇಡಿ.

ಹಾಸನದ ಸೊಸೆ

ಪುಸ್ತಕ ಹುಡುಕಿದೆ, ವಿಮೆ ಎಂದು 1,150 ರೂಪಾಯಿ ಮುರಿದಿದ್ದಾರೆ! ಇವರ ಸಹಿ ಎಲ್ಲೂ ಇಲ್ಲ. ಸೋಮವಾರ ಗುಂಪಿನ ಸಭೆ ಇದೆ, ಕೇಳಲು ಹೋಗುತ್ತೇನೆ. ಏನೇನು ತೆಗೆದುಕೊಂಡು ಹೋಗಬೇಕು?

ಹಳೆಯ ವಸೂಲಿಗಾರ

ಸಭೆಯಲ್ಲಿ ಬೇಡ, ನೇರ ಶಾಖೆಗೆ ಹೋಗಿ. ಮರಣ ಪ್ರಮಾಣಪತ್ರ, ಅತ್ತೆಯವರ ಆಧಾರ್, ಸಾಲದ ಪುಸ್ತಕ, ನಾಮಿನಿಯ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್, ಎಲ್ಲದರ ನಕಲು. ಮೂಲ ಪ್ರತಿ ಕೈ ಬಿಡಬೇಡಿ. ಅರ್ಜಿಯ ಇನ್ನೊಂದು ಪ್ರತಿಗೆ ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ.

ಮದ್ದೂರು ಹೊಲಿಗೆ

ತಂಗಿ, ಒಬ್ಬಳೇ ಹೋಗಬೇಡ. ಗುಂಪಿನ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಅವರ ಸಾಲದಲ್ಲೂ ವಿಮೆ ಮುರಿದಿರುತ್ತಾರೆ, ಅವರಿಗೂ ಗೊತ್ತಾಗಲಿ.